ದಪ್ಪಗಿದ್ದರೆ ಮೂಳೆ ಗಟ್ಟಿಯಾ?

ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮನ ಕಾಲು ಹಿತ್ತಿಲ ಮೆಟ್ಟಿಲ ಮೇಲೆ ಹೊರಳಿತು. ಬಿದ್ದದ್ದೂ ಅಲ್ಲ, ಬರೀ ಹೊರಳಿದ್ದು. ಎಕ್ಸ್-ರೇ ತೆಗೆಸಿದರೆ ಪಾದದ ಕೀಲಿನ ಹತ್ತಿರ ಮೂಳೆ ಮುರಿದಿತ್ತು! "ಅಷ್ಟು ಗಟ್ಟಿಮುಟ್ಟು ಹೆಂಗಸು, ದಿನಾ ಮುದ್ದೆ ತಿನ್ನೋಳು... ಅದೆಲ್ಲ ಕಡ್ಡಿ ಹಾಗಿರೋರಿಗೆ ತಾನೇ?" ಅಂದರು ಅತ್ತೆ. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ.

ಈ ನಂಬಿಕೆ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಮೂಳೆ ದಿನವೂ ಒಂದು ಕಡೆ ಕರಗುತ್ತಾ, ಇನ್ನೊಂದು ಕಡೆ ಕಟ್ಟಿಕೊಳ್ಳುತ್ತಾ ಇರುತ್ತೆ. ಕರಗುವುದು ಮಿತಿ ಮೀರದ ಹಾಗೆ ತಡೆಯುವುದು ಈಸ್ಟ್ರೋಜನ್ ಹಾರ್ಮೋನು. ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಅದು ಬರುವುದು ತೀರಾ ಕಡಿಮೆಯಾಗುತ್ತೆ, ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಸವೆಯುತ್ತೆ. ಆಮೇಲೆ ಅಷ್ಟಿಷ್ಟು ಈಸ್ಟ್ರೋಜನ್ ಹುಟ್ಟುವುದು ಮುಖ್ಯವಾಗಿ ಮೈಯ ಕೊಬ್ಬಿನಲ್ಲಿ. ಜೊತೆಗೆ, ಭಾರ ಹೊರುವ ಮೂಳೆ ದಟ್ಟವಾಗುತ್ತೆ. ಹಾಗಾಗಿ ದಪ್ಪಗಿರುವವರ ಸ್ಕ್ಯಾನ್ ಸಾಮಾನ್ಯವಾಗಿ ಚೆನ್ನಾಗೇ ಬರುತ್ತೆ.

ಆದರೆ ಹೊಟ್ಟೆಯೊಳಗಿನ ಕೊಬ್ಬು ಉರಿಯೂತ ತರುವ ಪದಾರ್ಥಗಳನ್ನೂ ಬಿಡುತ್ತೆ, ಅವು ಮೂಳೆ ಕರಗಿಸುವವರ ಪಕ್ಷ! ಬೊಜ್ಜಿರುವವರ ರಕ್ತದಲ್ಲಿ ವಿಟಮಿನ್ ಡಿ ಕೂಡ ಕಡಿಮೆ ಇರುವುದು ಹೆಚ್ಚು. ಕಾಲು ಹೊರಳಿದರೆ ಕೀಲಿನ ಮೇಲೆ ಬೀಳುವ ಭಾರವೂ ಜಾಸ್ತಿ. ಮುಟ್ಟು ನಿಂತ ಹೆಂಗಸರನ್ನು 10 ದೇಶಗಳಲ್ಲಿ ಗಮನಿಸಿದ 'ಗ್ಲೋ' ಅಧ್ಯಯನ 2011ರಲ್ಲಿ ಹೇಳಿದ್ದೂ ಇದನ್ನೇ: ಬೊಜ್ಜು ಮೂಳೆ ಮುರಿತದಿಂದ ಕಾಪಾಡುವುದಿಲ್ಲ, ಪಾದದ ಕೀಲು ಮತ್ತು ತೊಡೆಯ ಮುರಿತ ಬೊಜ್ಜಿರುವವರಲ್ಲೇ ಹೆಚ್ಚು.

ಚಿಕ್ಕಮ್ಮನ ಟಿ-ಸ್ಕೋರ್ -1.9 ಬಂತು. -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಅಂತಾರೆ. ಅಂದರೆ ಲೆಕ್ಕದಲ್ಲಿ 'ಪರವಾಗಿಲ್ಲ', ಮೂಳೆ ಮಾತ್ರ ಮುರಿದಿದೆ! ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮುಟ್ಟು ನಿಂತಿದ್ದು ಯಾವಾಗ?" ಆಗ ನೆನಪಾಯಿತು. 41ನೇ ವಯಸ್ಸಿಗೇ ಗಡ್ಡೆ ಅಂತ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದರು. ಬೇರೆಯವರಿಗೆ ನಿಧಾನವಾಗಿ ಇಳಿಯುವ ಹಾರ್ಮೋನು ಇವರಿಗೆ ಒಮ್ಮೆಲೇ ಇಳಿದಿತ್ತು. ಆಪರೇಷನ್ನೂ ಮನೆಗೆಲ್ಲ ಗೊತ್ತು, ತೂಕವೂ ಗೊತ್ತು. 17 ವರ್ಷದಲ್ಲಿ ಮೂಳೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ, ನನ್ನನ್ನೂ ಸೇರಿಸಿ.

ಈಗ ಎಲ್ಲರದ್ದೂ ಒಂದೇ ಉಪದೇಶ: "ರಾತ್ರಿ ಊಟ ಬಿಡು, ತೂಕ ಇಳಿಸು." ಇದೂ ಅರ್ಧ ಸತ್ಯ ಕಣ್ರೀ. ಬರೀ ಊಟ ಬಿಟ್ಟು ಗಡಿಬಿಡಿಯಲ್ಲಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯು, ಮೂಳೆ ಎರಡೂ ಸವೆಯುತ್ತವೆ. ನಿಧಾನವಾಗಿ ಇಳಿಸಬೇಕು, ಜೊತೆಗೆ ತೂಕ ಎತ್ತುವಂಥ ವ್ಯಾಯಾಮ ಬೇಕು. ಮುದ್ದೆ ಒಳ್ಳೆಯದೇ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಈಸ್ಟ್ರೋಜನ್ ಮಾಡುತ್ತಿದ್ದ ಕೆಲಸವನ್ನು ಮುದ್ದೆ ಮಾಡಲಾರದು.

ನನ್ನ ಅಭಿಪ್ರಾಯ ಇಷ್ಟೇ. ಮೈಗಾತ್ರ ನೋಡಿ ಮೂಳೆಯ ಲೆಕ್ಕ ಹಾಕುವುದನ್ನು ಬಿಡೋಣ. ಅಮ್ಮನನ್ನೋ ಅಕ್ಕನನ್ನೋ "ಮುಟ್ಟು ಯಾವಾಗ ನಿಂತಿತು?" ಅಂತ ಕೇಳಿ, ಬೇಗ ನಿಂತಿದ್ದರೆ ಡಾಕ್ಟರ ಹತ್ತಿರ ಮೂಳೆಯ ಮಾತೆತ್ತಿ. ಕೇಳೋಕೆ ಮುಜುಗರವೇ, ಗಂಡುಮಕ್ಕಳಿಗಂತೂ ಇನ್ನೂ. ಆದರೂ ಕೇಳಿ. ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಕೇಳುವುದಕ್ಕಿಂತ ವಾಸಿ ಅಲ್ವಾ?