ನೀರು ಸುರಿಯೋದು ರಿಪೇರಿ ಅಲ್ಲ

ನಾಲ್ಕು ಜನ ದುಡ್ಡು ಸೇರಿಸಿ ಸೆಕೆಂಡ್ ಹ್ಯಾಂಡ್ ಮಾರುತಿ 800 ತಗೊಳ್ಳೋದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸದೇನಲ್ಲ. ಆ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಅಂದರೆ ಇವತ್ತು ಸಿಗೋ ಅತಿ ಹೊಸ 800ಗೂ ಹತ್ತು ವರ್ಷ ದಾಟಿದೆ. ರಬ್ಬರ್ ಹೋಸ್ ಗಟ್ಟಿಯಾಗಿ ಬಿರುಕು ಬಿಡುತ್ತೆ, ಕ್ಲಿಪ್ ತುಕ್ಕು ಹಿಡಿಯುತ್ತೆ, ಕೂಲೆಂಟ್ ಸೋರುತ್ತೆ. ಆಗ ನಾವು ಮಾಡೋದೇನು? ಡಿಕ್ಕಿಯಲ್ಲಿ ಎರಡು ಬಾಟಲ್ ಬೋರ್‌ವೆಲ್ ನೀರು ಇಟ್ಕೊಂಡು ಓಡಾಡೋದು. ಇನ್ನೂ ಜಾಣರಾದರೆ ಲೀಕ್ ಮುಚ್ಚೋ ದ್ರಾವಣದ ಒಂದು ಡಬ್ಬಿ ಸುರಿಯೋದು.

ಇದು ರಿಪೇರಿ ಅಲ್ಲ, ರಿಪೇರಿಯನ್ನು ದುಬಾರಿ ಮಾಡೋ ದಾರಿ. ಥರ್ಮೋಡೈನಮಿಕ್ಸ್ ಓದಿದ ನಮಗೆ ಇದು ಗೊತ್ತಿರಬೇಕು. ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ಅಲ್ಲ, ಅದೊಂದು ಪ್ರೆಶರ್ ವಾಲ್ವ್. 0.9 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯೋದಿಲ್ಲ. ಲೀಕ್ ಇದ್ದರೆ ಆ ಒತ್ತಡ ನಿಲ್ಲೋದಿಲ್ಲ. ಘಾಟಿ ಹತ್ತುವಾಗ ನೀರು ಕುದ್ದು ಆವಿಯಾಗುತ್ತೆ. ಆವಿಗೆ ನೀರಿನಷ್ಟು ಶಾಖ ಹೊರುವ ಶಕ್ತಿ ಇಲ್ಲ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತೆ, ಗ್ಯಾಸ್ಕೆಟ್ ಹೋಗುತ್ತೆ. ನೂರರ ಲೆಕ್ಕದ ಹೋಸ್ ಉಳಿಸೋಕೆ ಹೋಗಿ ಸಾವಿರಗಳ ಹೆಡ್ ಕೆಲಸ!

ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತೆ. ಡಬ್ಬಿಯ ದ್ರಾವಣಕ್ಕೆ ಯಾವುದು ತೂತು, ಯಾವುದು ರೇಡಿಯೇಟರಿನ ಸಣ್ಣ ಕೊಳವೆ ಅನ್ನೋ ವ್ಯತ್ಯಾಸ ಗೊತ್ತಿಲ್ಲ, ಎರಡನ್ನೂ ಮುಚ್ಚಬಹುದು. "ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ತಣ್ಣಗಿರುತ್ತೆ" ಅನ್ನೋ ಸಲಹೆಯನ್ನೂ ಒಪ್ಪಬೇಡಿ. ಅದರಿಂದ ಎಂಜಿನ್ ಬಿಸಿಯಾಗೋದು ತಡವಾಗುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಲೀಕ್ ಮಾತ್ರ ಹಾಗೇ ಇರುತ್ತೆ.

ಸರಿಯಾದ ದಾರಿ ಕಷ್ಟದ್ದಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಕೈಪಂಪಿನ ಪ್ರೆಶರ್ ಟೆಸ್ಟರ್ ಕೂರಿಸಿ, ಕ್ಯಾಪಿನ ಮೇಲೆ ಬರೆದಿರೋ ಒತ್ತಡದಷ್ಟೇ ಕೊಟ್ಟು ಕಾಯಿರಿ. ಮುಳ್ಳು ಇಳಿದರೆ ಹುಡುಕಿ: ಹೋಸ್ ಜಾಯಿಂಟ್, ರೇಡಿಯೇಟರ್ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಹೀಟರ್ ಇದ್ದರೆ ಕಾಲಡಿಯ ಕಾರ್ಪೆಟ್. ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಆಯಿಲ್ ನೋಡಿ. ಅದು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಕ್ಯಾಪನ್ನೂ ಪರೀಕ್ಷಿಸಿ; ಎಷ್ಟೋ ಸಲ ಕಳ್ಳ ಅಲ್ಲೇ ಇರ್ತಾನೆ.

ನಡುದಾರಿಯಲ್ಲಿ ಕೈಕೊಟ್ಟರೆ? ಎಂಜಿನ್ ತಣ್ಣಗಾದ ಮೇಲೆ ನೀರು ಹಾಕಿ ಗ್ಯಾರೇಜ್ ಮುಟ್ಟಿ, ತಪ್ಪಿಲ್ಲ. ಬಿಸಿ ಕ್ಯಾಪ್ ಮಾತ್ರ ಮುಟ್ಟಬೇಡಿ. ತಪ್ಪಿರೋದು ಅದನ್ನೇ ಸೆಮಿಸ್ಟರ್ ಪೂರ್ತಿ ಮುಂದುವರಿಸೋದ್ರಲ್ಲಿ.

ಇನ್ನೊಂದು ಮಾತು. ಕೂಲೆಂಟಿನಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಪಾರ್ಕಿಂಗ್‌ನಲ್ಲಿ ಸೋರಿದ್ದನ್ನ ನೆಕ್ಕೋದು ನಾವಲ್ಲ, ನಮ್ಮ ಕ್ಯಾಂಟೀನ್ ನಾಯಿಗಳು. ಲೀಕ್ ನಮ್ಮ ಕಾರಿನದ್ದು, ಸಾವು ಅವುಗಳದ್ದು ಅಂದ್ರೆ ಹೇಗೆ?

ಹಾಗಾಗಿ ಒಂದು ಬೇಡಿಕೆ: ನಮ್ಮ ವರ್ಕ್‌ಶಾಪಿಗೆ ಒಂದು ಪ್ರೆಶರ್ ಟೆಸ್ಟರ್ ಬರಲಿ, ಶನಿವಾರ ಮಧ್ಯಾಹ್ನ ಎರಡು ಗಂಟೆ ಯಾವ ಬ್ರಾಂಚ್‌ನವರಾದರೂ ಬಳಸಲಿ. ಪರೀಕ್ಷೆಗೆ ಕುದಿಯುವ ಬಿಂದು ಬರೆದದ್ದು ಸಾಕು, ಒಮ್ಮೆ ಅದನ್ನ ಕಾರಿನಲ್ಲೂ ಕಾಪಾಡೋಣ.