ಮೂಕಪ್ರಾಣಿಗಳ ಮಾತು

ಪ್ರಾಣಿಪಕ್ಷಿಗಳ ಭಾಷೆಯನ್ನು ಬಲ್ಲವನಾಗಬೇಕೆಂಬುದು ಮನುಷ್ಯನ ಅತಿ ಪುರಾತನವಾದ ಆಸೆಗಳಲ್ಲಿ ಒಂದು. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ, ಕೈಕೇಯಿಯನ್ನು ನಿಷ್ಠುರವಾಗಿ ಮೂದಲಿಸುವ ಸುಮಂತ್ರನು ಅವಳ ತವರಿನ ಒಂದು ಹಳೆಯ ಕಥೆಯನ್ನು ಎತ್ತಿ ಆಡುತ್ತಾನೆ. ಅವಳ ತಂದೆಯಾದ ಕೇಕಯರಾಜನಿಗೆ ಸಕಲ ಜೀವಿಗಳ ಮಾತೂ ತಿಳಿಯುವಂಥ ವರವೊಂದು ದೊರೆತಿದ್ದಿತು. ಒಮ್ಮೆ ಹಾಸಿಗೆಯಲ್ಲಿ ಮಲಗಿದ್ದಾಗ ಜೀವಿಯೊಂದರ ಮಾತನ್ನು ಕೇಳಿ ಅವನು ನಕ್ಕನು. ರಾಣಿ ಮುನಿದಳು, ನಗುವಿನ ಕಾರಣವನ್ನು ಹೇಳಲೇಬೇಕೆಂದು ಹಠ ಹಿಡಿದಳು. ಹೇಳಿದರೆ ಆ ಕ್ಷಣವೇ ತನಗೆ ಮರಣವೆಂದು ರಾಜನು ತಿಳಿಸಿದರೂ ಅವಳು ಬಿಡಲಿಲ್ಲ. ಕಡೆಗೆ ಅವನು ರಾಣಿಯನ್ನು ತ್ಯಜಿಸಿದನೇ ಹೊರತು ಕೇಳಿದ್ದನ್ನು ಬಾಯಿಬಿಡಲಿಲ್ಲ.

ಸುಮಂತ್ರನು ಆ ಕಥೆಯನ್ನು ಹೇಳಿದ ಉದ್ದೇಶ ಬೇರೆ. ಆದರೂ ಅದರೊಳಗೆ ಒಂದು ಸೂಕ್ಷ್ಮವಾದ ಎಚ್ಚರಿಕೆ ಅಡಗಿದೆ. ಪ್ರಾಣಿಯ ಮಾತನ್ನು ಕೇಳುವುದು ಒಂದು ವಿದ್ಯೆ. ಕೇಳಿದ್ದನ್ನು ಮನುಷ್ಯರ ಮಾತಿಗೆ ಇಳಿಸುವುದು ಬೇರೊಂದು, ಅಪಾಯದ ಕೆಲಸ. ನಾಯಿ, ಬೆಕ್ಕುಗಳನ್ನು ಮನೆಯ ಮಕ್ಕಳಂತೆ ಸಾಕುವ ಪಟ್ಟಣಗಳಲ್ಲಿ ಈಗ ಅವುಗಳ ಭಾವಚಿತ್ರವನ್ನು ನೋಡಿಯೇ ಮನಸ್ಸಿನ ಮಾತನ್ನು ಓದಿ ಹೇಳುವೆವೆನ್ನುವವರೂ ಇದ್ದಾರೆ. ಇನ್ನೊಂದು ಕಡೆ, ಪಶುವಿಗೆ ಮನಸ್ಸೆಲ್ಲಿಯದೆಂದು ತಳ್ಳಿಹಾಕುವವರೂ ಇದ್ದಾರೆ. ಸತ್ಯವು ಈ ಇಬ್ಬರಿಂದಲೂ ಸಮದೂರದಲ್ಲಿದೆ. ಅದನ್ನು ಲೋಕಕ್ಕೆ ಮೊದಲು ಸ್ಪಷ್ಟವಾಗಿ ಕಲಿಸಿದ್ದು ಒಂದು ಕುದುರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತೋಪಾಧ್ಯಾಯರಿದ್ದರು. ಪ್ರಾಣಿಗಳಿಗೂ ಬುದ್ಧಿಯುಂಟು, ಕಲಿಸುವವರಿಲ್ಲದೆ ಅದು ಬೆಳೆದಿಲ್ಲವೆಂಬುದು ಅವರ ದೃಢವಾದ ನಂಬಿಕೆ. ಹಾನ್ಸ್ ಎಂಬ ತಮ್ಮ ಕುದುರೆಗೆ ವರ್ಷಗಟ್ಟಲೆ ಪಾಠ ಹೇಳಿದರು. ಕಪ್ಪು ಹಲಗೆ, ಎಣಿಕೆಯ ಮಣಿಗಳು, ತಪ್ಪದ ತಾಳ್ಮೆ, ಸರಿಯುತ್ತರಕ್ಕೆ ಒಂದು ತುಣುಕು ಗಜ್ಜರಿ: ಇವೇ ಅವರ ಸಾಧನಗಳು. ಕಾಲಕ್ರಮದಲ್ಲಿ ಹಾನ್ಸ್ ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳಿಗೆ ಗೊರಸಿನಿಂದ ನೆಲವನ್ನು ಕುಟ್ಟಿ ಉತ್ತರ ಕೊಡಲಾರಂಭಿಸಿತು. ಭಿನ್ನರಾಶಿಗೂ ಹೆದರಲಿಲ್ಲ, ತಾರೀಖನ್ನೂ ಗಂಟೆಯನ್ನೂ ಹೇಳಿತು. ಫಾನ್ ಓಸ್ಟೆನ್ನರು ಈ ಪ್ರದರ್ಶನಕ್ಕೆ ಹಣ ಪಡೆಯುತ್ತಿರಲಿಲ್ಲ. ಆದುದರಿಂದ ಅವರನ್ನು ಮೋಸಗಾರರೆಂದು ಹೇಳುವುದಕ್ಕೂ ಯಾರಿಗೂ ಬಾಯಿ ಬರಲಿಲ್ಲ.

1904ರಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಸ್ಟುಂಫರ ನೇತೃತ್ವದ ಮಂಡಲಿಯೊಂದು ಕುದುರೆಯನ್ನು ಪರೀಕ್ಷಿಸಿ, ಇದರಲ್ಲಿ ಯಾವ ಕಪಟವೂ ಇಲ್ಲವೆಂದು ತೀರ್ಪಿತ್ತಿತು. ಅಷ್ಟಕ್ಕೆ ತೃಪ್ತರಾಗದೆ ಸ್ಟುಂಫರ ಸಹಾಯಕ ಆಸ್ಕರ್ ಫುಂಗ್ಸ್ಟ್ ಪರೀಕ್ಷೆಯನ್ನು ಮುಂದುವರಿಸಿದರು. ಪ್ರಶ್ನೆ ಕೇಳುವವನಿಗೇ ಉತ್ತರ ತಿಳಿಯದಂತೆ ಮಾಡಿದರು: ಹಾನ್ಸ್ ತಪ್ಪಿತು. ಕೇಳುವವನು ಕುದುರೆಯ ಕಣ್ಣಿಗೆ ಬೀಳದಂತೆ ಮಾಡಿದರು: ಮತ್ತೆ ತಪ್ಪಿತು. ರಹಸ್ಯ ಬಯಲಾಯಿತು. ಪ್ರಶ್ನೆ ಕೇಳಿದವನು ಗೊರಸನ್ನು ನೋಡಲು ತನಗರಿಯದೆಯೇ ತುಸು ಬಾಗುತ್ತಿದ್ದನು, ಹಾನ್ಸ್ ಕುಟ್ಟತೊಡಗುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಅವನ ಬಿಗಿ ಸಡಿಲಿ ತಲೆ ಕೂದಲೆಳೆಯಷ್ಟು ಮೇಲಕ್ಕೇಳುತ್ತಿತ್ತು, ಹಾನ್ಸ್ ನಿಲ್ಲಿಸುತ್ತಿತ್ತು. ಈ ಗುಟ್ಟು ತಿಳಿದ ಮೇಲೂ ಫುಂಗ್ಸ್ಟರಿಗೆ ತಮ್ಮ ತಲೆಯ ಆ ಚಲನೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತಂತೆ. 1907ರಲ್ಲಿ ಅವರು ತಮ್ಮ ಗ್ರಂಥವನ್ನು ಪ್ರಕಟಿಸಿದರು. ಇಂದಿಗೂ ವಿಜ್ಞಾನಿಗಳು ಪ್ರಾಣಿಗಳನ್ನು ಪರೀಕ್ಷಿಸುವಾಗ ತಮ್ಮ ಮುಖವನ್ನು ಮರೆಮಾಡಿಕೊಳ್ಳುವುದಕ್ಕೆ ಹಾನ್ಸ್ ಕಲಿಸಿದ ಪಾಠವೇ ಕಾರಣ.

ಲೋಕವು ಅಂದು ನಕ್ಕು ಸುಮ್ಮನಾಯಿತು. ಕುದುರೆಗೆ ಗಣಿತ ಬಾರದೆಂದು ತೀರ್ಮಾನವಾಯಿತು. ಆದರೆ ನಿಂತು ಯೋಚಿಸಬೇಕಾದ ವಿಷಯ ಅಲ್ಲಿಯೇ ಇದ್ದಿತು. ಪಂಡಿತರ ಮಂಡಲಿಗೆ ಕಾಣದಿದ್ದ ಅತಿಸೂಕ್ಷ್ಮ ಚಲನೆಯನ್ನು ಆ ಕುದುರೆ ದಿನದಿನವೂ ಓದುತ್ತಿದ್ದಿತಲ್ಲ! ಮನುಷ್ಯನ ದೇಹದಲ್ಲಿ ನಿರೀಕ್ಷೆ ಹೇಗೆ ಬಿಗಿಯುತ್ತದೆ, ಸಮಾಧಾನ ಹೇಗೆ ಇಳಿಯುತ್ತದೆ ಎಂಬುದನ್ನು ಅದು ಅವನಿಗಿಂತ ಚೆನ್ನಾಗಿ ಬಲ್ಲುದಾಗಿದ್ದಿತು. ಮನುಷ್ಯನು ತನ್ನ ಗಣಿತವನ್ನು ಅದರಲ್ಲಿ ಹುಡುಕಿದನು. ಅದರ ವಿದ್ಯೆಯನ್ನು ಹುಡುಕಲಿಲ್ಲ. ಪ್ರಾಣಿಗಳೊಡನೆ ಸಂಭಾಷಣೆ ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ.

ಮನೆಯ ನಾಯಿಯ ವಿಷಯದಲ್ಲಿಯೂ ಇದೇ ತಪ್ಪು ನಡೆಯುತ್ತದೆ. ತಿಂಡಿ ಕದ್ದ ನಾಯಿ ತಲೆ ತಗ್ಗಿಸಿ, ಕಿವಿ ಮಡಿಸಿ, ಓರೆಗಣ್ಣಿನಿಂದ ನೋಡಿದರೆ, ಅದಕ್ಕೆ ತನ್ನ ತಪ್ಪಿನ ಅರಿವಾಗಿದೆಯೆಂದು ಮನೆಯವರೆಲ್ಲರೂ ಹೇಳುವುದುಂಟು. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳನ್ನು ಪರೀಕ್ಷಿಸಿದರು. ಯಜಮಾನರು ಹೊರಗಿದ್ದಾಗ ಕೆಲವು ನಾಯಿಗಳು ನಿಷಿದ್ಧ ತಿಂಡಿಯನ್ನು ತಿಂದವು, ಕೆಲವು ತಿನ್ನಲಿಲ್ಲ. ಆದರೆ ಯಜಮಾನರಿಗೆ ಯಾವಾಗಲೂ ನಿಜವನ್ನೇ ಹೇಳುತ್ತಿರಲಿಲ್ಲ. ಆ ‘ಅಪರಾಧಿ ಮುಖ’ ಕಾಣಿಸಿಕೊಂಡದ್ದು ತಿಂದುದರಿಂದಲ್ಲ, ಯಜಮಾನರು ಗದರಿಸಿದ್ದರಿಂದ. ತಪ್ಪೇ ಮಾಡದೆ ಗದರಿಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿದ್ದಿತು. ಪಶ್ಚಾತ್ತಾಪವೆಂದು ಓದಿಕೊಂಡದ್ದು ಭಯವನ್ನು, ಅಥವಾ ಮುನಿದ ಒಡೆಯನನ್ನು ಸಮಾಧಾನಪಡಿಸುವ ಯತ್ನವನ್ನು. ನಾಯಿಯ ಬಾಯಿಗೆ ಮನುಷ್ಯನು ತುರುಕಿದ ಮಾತು ನಾಯಿಯ ನಿಜವಾದ ಮಾತನ್ನು ಮುಚ್ಚಿಬಿಟ್ಟಿದ್ದಿತು. ನಿರಪರಾಧಿಗೆ ಶಿಕ್ಷೆಯಾಗುವುದೂ ಹೀಗೆಯೇ.

ತನ್ನ ಮಾತನ್ನು ಬದಿಗಿಟ್ಟು ಕೇಳಿದವರಿಗೆ ದೊರೆತ ಫಲ ಎಂಥದೆಂಬುದಕ್ಕೆ ಜೇನ್ನೊಣವೇ ಸಾಕ್ಷಿ. ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್ ದಶಕಗಳ ಕಾಲ ಗೂಡಿನ ಮುಂದೆ ಕುಳಿತು, ಮೇವನ್ನು ಕಂಡು ಮರಳಿದ ನೊಣವು ಎರಿಯ ಮೇಲೆ ಆಡುವ ನೃತ್ಯವನ್ನು ಗಮನಿಸಿದರು. ಹೊಟ್ಟೆಯನ್ನು ಅದುರಿಸುತ್ತ ಅದು ಸಾಗುವ ಗೆರೆಯು ನೆಟ್ಟಗಿನ ದಿಕ್ಕಿನಿಂದ ಎಷ್ಟು ಓರೆಯಾಗಿರುವುದೋ ಅಷ್ಟೇ ಓರೆಯಲ್ಲಿ, ಸೂರ್ಯನ ದಿಕ್ಕಿನಿಂದ ಅಳೆದರೆ, ಹೂವಿನ ತಾಣವಿರುತ್ತದೆ. ಅದುರಾಟ ಹೆಚ್ಚು ಹೊತ್ತು ನಡೆದಷ್ಟೂ ದಾರಿ ದೂರ. ಕತ್ತಲೆಯ ಗೂಡಿನೊಳಗೆ ಸೂರ್ಯನನ್ನು ನೆನಪಿಸಿಕೊಂಡು ದಾರಿ ಹೇಳುವ ಈ ಭಾಷೆಗೆ ಶಬ್ದಕೋಶವನ್ನು ಬರೆದುದಕ್ಕಾಗಿ ಫ್ರಿಶ್ಶರು 1973ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಅದೇ ಜೇನಿನ ನೆಪದಲ್ಲಿ ಕಾಡಿನ ಹಕ್ಕಿಯೊಂದು ಮನುಷ್ಯನೊಡನೆ ನಿಜವಾಗಿ ಮಾತನಾಡುವುದೂ ಉಂಟು. ಆಫ್ರಿಕದ ಮೊಜಾಂಬಿಕ್ ದೇಶದಲ್ಲಿ ಯಾವ್ ಜನರು ಗುರುಗುಟ್ಟುವಂಥ ಒಂದು ವಿಶೇಷ ಕೂಗನ್ನು ಹಾಕಿದರೆ, ಜೇನುದಾರಿ ತೋರುವ ಪುಟ್ಟ ಹಕ್ಕಿ ಬಂದು ಮರದಿಂದ ಮರಕ್ಕೆ ಹಾರುತ್ತ ಹುಟ್ಟಿನ ಬಳಿಗೆ ಕರೆದೊಯ್ಯುತ್ತದೆ. ಜೇನು ಮನುಷ್ಯನಿಗೆ, ಮೇಣ ಹಕ್ಕಿಗೆ. 2016ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಬೇರೆ ಸದ್ದಿಗಿಂತ ಈ ಕೂಗಿಗೆ ಹಕ್ಕಿ ಓಗೊಡುವುದು ಸುಮಾರು ಇಮ್ಮಡಿ. ಹಕ್ಕಿಯನ್ನು ಯಾರೂ ಹಿಡಿದಿಲ್ಲ, ಪಳಗಿಸಿಲ್ಲ. ಅದು ತಾನಾಗಿ ಬರುತ್ತದೆ. ಕೆಲಸ ಮುಗಿದೊಡನೆ ತನ್ನ ಕಾಡಿಗೆ ಮರಳುತ್ತದೆ.

ಆದರೂ ಕರ್ನಾಟಕದವರಿಗೆ ಈ ವಿಷಯದಲ್ಲಿ ಅತಿ ಹತ್ತಿರದ ಗುರುವೆಂದರೆ ಆನೆ. ಭಾರತದ ರಾಜ್ಯಗಳಲ್ಲಿ ಕಾಡಾನೆಗಳು ಅತಿ ಹೆಚ್ಚಾಗಿರುವುದು ಇಲ್ಲಿಯೇ. ಈ ದೊಡ್ಡ ಪ್ರಾಣಿಯ ಮಾತಿನ ಬಹುಭಾಗವು ಬಹುಕಾಲ ಮನುಷ್ಯನ ಕಿವಿಗೆ ಬೀಳದೆಯೇ ಇದ್ದಿತು. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಪ್ರಾಣಿಸಂಗ್ರಹಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದ ಕೇಟಿ ಪೇನ್ ಎಂಬ ಮಹಿಳೆಗೆ ಗಾಳಿಯಲ್ಲಿ ಒಂದು ವಿಚಿತ್ರವಾದ ಮಿಡಿತ ಅನುಭವಕ್ಕೆ ಬಂದಿತು. ಸದ್ದು ಮಾತ್ರ ಇಲ್ಲ. ಬಾಲ್ಯದಲ್ಲಿ ಇಗರ್ಜಿಯ ಗಾಯನವೃಂದದಲ್ಲಿ ನಿಂತಾಗ ಆರ್ಗನ್ ವಾದ್ಯದ ಅತಿ ಮಂದ್ರದ ಕೊಳವೆ ಎದೆಯನ್ನು ನಡುಗಿಸುತ್ತಿದ್ದುದು ಆಕೆಯ ನೆನಪಿಗೆ ಬಂದಿತು. ಧ್ವನಿಮುದ್ರಣ ಮಾಡಿ ವೇಗವನ್ನು ಹೆಚ್ಚಿಸಿ ಕೇಳಿದಾಗ ಗುಟ್ಟು ಹೊರಬಿದ್ದಿತು: ಮೌನವಾಗಿ ನಿಂತಂತೆ ಕಂಡ ಆನೆಗಳು, ಮನುಷ್ಯನ ಶ್ರವಣದ ಕೆಳಗಡಿಗಿಂತಲೂ ಮಂದ್ರವಾದ ಸ್ವರದಲ್ಲಿ ಮಾತನಾಡಿಕೊಳ್ಳುತ್ತಿದ್ದವು. ಆ ಸ್ವರ ಕಾಡನ್ನು ಹಾದು ಹಲವು ಕಿಲೋಮೀಟರ್ ದೂರ ಹೋಗಬಲ್ಲುದು.

2024ರಲ್ಲಿ ಇನ್ನೂ ಹೆಚ್ಚಿನ ಆಶ್ಚರ್ಯ ಕಾದಿದ್ದಿತು. ಕೀನ್ಯಾದ ಅಂಬೊಸೆಲಿ ಮತ್ತು ಸಂಬುರು ಪ್ರದೇಶಗಳಲ್ಲಿ ಹಲವು ವರ್ಷಗಳಿಂದ ಮುದ್ರಿಸಿದ 469 ಕೂಗುಗಳನ್ನು ಗಣಕಯಂತ್ರದಿಂದ ಪರಿಶೀಲಿಸಿದ ಸಂಶೋಧಕರು, ಆಫ್ರಿಕದ ಆನೆಗಳು ಒಂದನ್ನೊಂದು ಹೆಸರಿನಂಥ ಧ್ವನಿಯಿಂದ ಸಂಬೋಧಿಸುತ್ತವೆಂಬುದಕ್ಕೆ ಪುರಾವೆಯನ್ನು ಮುಂದಿಟ್ಟರು. ಮುದ್ರಿತ ಕೂಗನ್ನು 17 ಆನೆಗಳಿಗೆ ಕೇಳಿಸಿದಾಗ, ತನ್ನನ್ನು ಉದ್ದೇಶಿಸಿದ ಕೂಗಿಗೆ ಆನೆ ಬೇಗನೆ ಓಗೊಟ್ಟಿತು, ಸದ್ದಿನತ್ತ ಸಾಗಿತು. ಬೇರೆಯವರನ್ನು ಕರೆದ ಕೂಗಿಗೆ ಅಷ್ಟು ಸ್ಪಂದಿಸಲಿಲ್ಲ. ಕರೆಯಲು ಹೆಸರುಂಟೆಂದ ಮೇಲೆ ಕರೆದಾಗ ತಿರುಗುವ ‘ತಾನು’ ಎಂಬುದೊಂದೂ ಉಂಟೆನ್ನದೆ ವಿಧಿಯಿಲ್ಲ.

ಆ ‘ತಾನು’ ಎಂಬುದರ ಆಳ ಎಷ್ಟು? ಅದಕ್ಕೆ ದುಃಖವುಂಟೆ, ಭಕ್ತಿಯುಂಟೆ? ಇಲ್ಲಿ ಹೆಜ್ಜೆಯನ್ನು ನಿಧಾನವಾಗಿ ಇಡಬೇಕು. ಉತ್ತರ ಬಂಗಾಳದ ಚಹಾ ತೋಟಗಳಲ್ಲಿ ಸತ್ತ ಮರಿಗಳನ್ನು ಆನೆಗಳು ಕಾಲುವೆಗಳಲ್ಲಿ ಮಲಗಿಸಿ ಮಣ್ಣು ಮುಚ್ಚಿದ ಐದು ಪ್ರಸಂಗಗಳು 2024ರಲ್ಲಿ ವರದಿಯಾದವು. ಮರಿಗಳ ಕಾಲುಗಳು ಮೇಲ್ಮುಖವಾಗಿದ್ದವು. ಕೀನ್ಯಾದಲ್ಲಿ ನಡೆಸಿದ, 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆನೆಗಳು ಬೇರೆ ಪ್ರಾಣಿಗಳ ತಲೆಬುರುಡೆಗಿಂತ ಆನೆಯ ಬುರುಡೆಯನ್ನೂ ದಂತವನ್ನೂ ಹೆಚ್ಚು ಹೊತ್ತು ಸೊಂಡಿಲಿನಿಂದ ಸವರಿದವು. ಆದರೆ ತಮ್ಮದೇ ಕುಟುಂಬದ ಯಜಮಾನಿಯ ಬುರುಡೆಯನ್ನು ಬೇರೆ ಯಜಮಾನಿಯರ ಬುರುಡೆಗಳಿಂದ ಆರಿಸಿ ಆದರಿಸಲಿಲ್ಲ. ಸತ್ತವರ ಮುಂದೆ ಅವು ನಿಲ್ಲುತ್ತವೆಂಬುದು ನಿಜ. ಆ ನಿಲುವಿನ ಅರ್ಥವನ್ನು ಶ್ರಾದ್ಧವೆಂದೋ ಸಮಾಧಿಯೆಂದೋ ಮನುಷ್ಯನ ಶಬ್ದದಲ್ಲಿ ಕಟ್ಟಿಬಿಡುವುದು ನಾಯಿಗೆ ಪಶ್ಚಾತ್ತಾಪವನ್ನು ಹೊರಿಸಿದಂತೆಯೇ ಆದೀತು.

ತಾಂಜಾನಿಯದ ಗೊಂಬೆ ಕಾಡಿನಲ್ಲಿ 1960ರಿಂದ ಚಿಂಪಾಂಜಿಗಳನ್ನು ಅಭ್ಯಸಿಸಿದ ಜೇನ್ ಗುಡಾಲ್ ಅವುಗಳಿಗೆ ಸಂಖ್ಯೆಗಳ ಬದಲು ಹೆಸರುಗಳನ್ನಿಟ್ಟರೆಂದು ಪಂಡಿತರಿಂದ ಆಕ್ಷೇಪಣೆಗೆ ಗುರಿಯಾದವರು. ಜಲಪಾತದ ಮುಂದೆ ಗಂಡು ಚಿಂಪಾಂಜಿಗಳು ಕಾಲಿನಿಂದ ಕಾಲಿಗೆ ತೂಗುತ್ತ, ಬಳ್ಳಿ ಹಿಡಿದು ಜೀಕುತ್ತ, ಆಮೇಲೆ ಸುಮ್ಮನೆ ಕುಳಿತು ಬೀಳುವ ನೀರನ್ನು ದಿಟ್ಟಿಸುತ್ತಿದ್ದುದನ್ನು ಅವರು ಕಂಡರು. ಇದು ವಿಸ್ಮಯದಂಥ ಭಾವವಿರಬಹುದೇ, ಮಾತು ಬಂದಿದ್ದರೆ ಇದೇ ಒಂದು ಪೂಜೆಯಾಗಿ ಬೆಳೆಯುತ್ತಿದ್ದಿತೇ ಎಂದು ಅವರು ಕೇಳಿಕೊಂಡರು. 2025ರಲ್ಲಿ, ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದನ್ನು ಅವರು ಪ್ರಶ್ನೆಯಾಗಿಯೇ ಉಳಿಸಿಕೊಂಡರು. ಅದು ಅವರ ದೊಡ್ಡತನ.

ಪ್ರಶ್ನೆಯಾಗಿ ಉಳಿದ ಮಾತ್ರಕ್ಕೆ ಮನುಷ್ಯನ ಹೊಣೆ ಕಡಿಮೆಯಾಗುವುದಿಲ್ಲ. ದುಬಾರೆ, ಮತ್ತಿಗೋಡು ಶಿಬಿರಗಳಲ್ಲಿ ಜೇನುಕುರುಬ ಮಾವುತರು ಕಿವಿಯ ಹಿಂದಿನ ಕಾಲ್ಬೆರಳಿನ ಒತ್ತಡದಿಂದ, ನಾಲ್ಕಾರು ಶಬ್ದಗಳಿಂದ, ದಿನನಿತ್ಯದ ಸ್ನಾನ ಮತ್ತು ಮೇವಿನಿಂದ ಆನೆಯೊಡನೆ ಬಾಳುವೆ ನಡೆಸುತ್ತಾರೆ. 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಆ ಕಾಡಾನೆಯೊಡನೆ ಸೆಣಸಿ ಮಡಿದನು. ನಾಡೆಲ್ಲ ಮರುಗಿತು. ಹಿಡಿಯಹೋದವನೂ ಒಂದು ಕಾಲದಲ್ಲಿ ಹಿಡಿದು ತಂದವನೇ, ಅವನಿಗೂ ಕಾಡಿನಲ್ಲಿ ಬಳಗವಿದ್ದಿತೆಂಬುದು ಆ ಶೋಕದಲ್ಲಿ ಎಷ್ಟು ಜನರಿಗೆ ಹೊಳೆಯಿತೋ! ತೋಟವನ್ನು ಕಾಯಬೇಕಾದ ರೈತನ ಸಂಕಟ ಸುಳ್ಳಲ್ಲ. ಆನೆಯ ತುಳಿತಕ್ಕೆ ಮನುಷ್ಯರು ಸಾಯುತ್ತಿರುವುದೂ ಸುಳ್ಳಲ್ಲ. ಆದರೆ ಒಂದು ಆನೆಯನ್ನು ಹಿಂಡಿನಿಂದ ಬೇರ್ಪಡಿಸುವಾಗ ಮನುಷ್ಯನ ಕಿವಿಗೆ ಬೀಳದ ಯಾವುದೋ ಸಂಭಾಷಣೆಯನ್ನೂ ಕಡಿದಂತಾಗುತ್ತದೆಂಬುದನ್ನು, ಇಷ್ಟೆಲ್ಲ ತಿಳಿದ ಮೇಲೆ, ಮರೆಯುವಂತಿಲ್ಲ. ಸೆರೆಯೇ ಕಡೆಯ ಉಪಾಯವಾಗಬೇಕು, ಮೊದಲನೆಯದಲ್ಲ.

ಮನೆಯ ಅಂಗಳದಲ್ಲಿಯೂ ಈ ವಿದ್ಯೆಯನ್ನು ಅಭ್ಯಾಸ ಮಾಡಲು ಅವಕಾಶವುಂಟು. ಬೆಕ್ಕಿನ ಎದುರು ಕುಳಿತು ಕಣ್ಣನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸಿದರೆ, ಅದೂ ಹಾಗೆಯೇ ಮಿಟುಕಿಸುವ ಸಂಭವ ಹೆಚ್ಚೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಇದಕ್ಕೆ ಮಂತ್ರವೂ ಬೇಡ, ಮಧ್ಯಸ್ಥರೂ ಬೇಡ. ಸ್ವಲ್ಪ ಬಿಡುವು, ಸ್ವಲ್ಪ ಮೌನ ಸಾಕು. ಮಕ್ಕಳಿಗೆ ಇದನ್ನು ಹೇಳಿಕೊಡಬಹುದು. ಬೆಕ್ಕು ಏನು ಹೇಳಿತೆಂದು ಮಗು ಕೇಳಿದರೆ, ಆತುರದಿಂದ ಉತ್ತರ ಕೊಡದಿರುವುದೇ ಒಳ್ಳೆಯದು. ಅದು ಹೇಳಿತು, ಮಗು ಕೇಳಿತು. ಅಷ್ಟಾದರೆ ಪಾಠ ಆರಂಭವಾದಂತೆಯೇ.