ನೀರಿನ ಲೆಕ್ಕ ಕಲಿತ ಮಕ್ಕಳ ಮಾತನ್ನು ನಾವು ಕೇಳುತ್ತೇವೆಯೇ?

ಪಿಯುಸಿ ಫಲಿತಾಂಶ ಪ್ರಕಟವಾದ ಬಳಿಕ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯಲ್ಲಿ ಸಿವಿಲ್ ಇಂಜಿನಿಯರಿಂಗ್‌ಗೆ ಒಂದು ನಿಶ್ಚಿತ ಅರ್ಥವಿದೆ. ಕಟ್ಟಡ ಕಟ್ಟುವುದು, ಗುತ್ತಿಗೆ ಹಿಡಿಯುವುದು, ಸಾಧ್ಯವಾದರೆ ಗಲ್ಫ್‌ಗೆ ಹೋಗಿ ಸೈಟ್ ಇಂಜಿನಿಯರ್ ಆಗುವುದು. ಸಿಮೆಂಟು, ಕಬ್ಬಿಣ ಮತ್ತು ಮರಳಿನಾಚೆಗೆ ಆ ಓದಿನಲ್ಲಿ ಇನ್ನೊಂದು ಲೋಕವಿದೆ ಎಂಬುದು ಹೆತ್ತವರಿಗೆ ತಿಳಿಯುವುದು, ಎರಡನೆಯ ವರ್ಷದಲ್ಲಿ ಮಗನೋ ಮಗಳೋ ‘ಫ್ಲುಯಿಡ್ ಮೆಕ್ಯಾನಿಕ್ಸ್ ಉಳಿದುಕೊಂಡಿತು’ ಎಂದು ತಲೆ ತಗ್ಗಿಸಿ ನಿಂತಾಗ ಮಾತ್ರ. ಆಗಲೂ ನಾವು ಕೇಳುವುದು ಒಂದೇ ಪ್ರಶ್ನೆ: ಮುಂದಿನ ಬಾರಿ ಪಾಸಾಗುತ್ತೀಯಾ? ಆ ವಿಷಯ ಏನನ್ನು ಕಲಿಸುತ್ತದೆ ಎಂದು ವಿಚಾರಿಸಿದ ತಂದೆ-ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ?

ಅಷ್ಟಕ್ಕೂ ಅದು ಕಲಿಸುವುದೇನು? ನಿಂತ ಮತ್ತು ಹರಿಯುವ ನೀರಿನ ಬಲವನ್ನು ಅಳೆಯುವ ವಿದ್ಯೆಯದು. ಅದರ ಮುಂದುವರಿಕೆಯೇ ನದಿ-ಕಾಲುವೆಗಳ ಹೈಡ್ರಾಲಿಕ್ಸ್. ಸೂತ್ರಗಳು ಕಠಿಣವಾದರೂ ಮೂಲತತ್ವಗಳು ಸರಳ. ಮೊದಲನೆಯದು, ಹರಿದು ಬಂದಷ್ಟು ನೀರು ಎಲ್ಲಾದರೂ ಹೋಗಲೇಬೇಕು. ಕಾಲುವೆಯ ಅಗಲವನ್ನು ನಾವು ಅರ್ಧಕ್ಕಿಳಿಸಿದರೆ ಮೇಲಿನಿಂದ ಬರುವ ನೀರು ಅರ್ಧವಾಗುವುದಿಲ್ಲ. ಅದು ಮೇಲಕ್ಕೇರುತ್ತದೆ, ಇಲ್ಲವೇ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ವೇಗ ಎರಡು ಪಟ್ಟಾದರೆ, ಎದುರಾದ ಗೋಡೆಯನ್ನು ಅದು ತಳ್ಳುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಸೇತುವೆಯ ಕಂಬದ ಬುಡದಿಂದ ಮಣ್ಣು ಕೊರೆದು ಹೋಗುವುದೂ ಈ ವೇಗದಿಂದಲೇ.

ಎರಡನೆಯ ತತ್ವ ಇನ್ನೂ ಸ್ವಾರಸ್ಯಕರ. ಐರ್ಲೆಂಡಿನಲ್ಲಿ ಸರಕಾರಿ ನೀರಕಾಲುವೆಗಳ ಕೆಲಸದಲ್ಲಿ ಜೀವ ಸವೆಸಿದ ರಾಬರ್ಟ್ ಮ್ಯಾನಿಂಗ್, ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಲ್ಲ. ಅವರು 1889ರಲ್ಲಿ ಮಂಡಿಸಿದ ಸೂತ್ರ ಇಂದಿಗೂ ಅವರ ಹೆಸರಿನಲ್ಲೇ ಪಠ್ಯಪುಸ್ತಕದಲ್ಲಿದೆ. ಕಾಲುವೆಯಲ್ಲಿ ನೀರಿನ ವೇಗವು ಅದರ ಆಕಾರ, ಇಳಿಜಾರು ಮತ್ತು ಒಳಮೈಯ ಒರಟುತನವನ್ನು ಅವಲಂಬಿಸಿದೆ ಎಂದು ಅದು ಹೇಳುತ್ತದೆ. ನಯವಾದ ಕಾಂಕ್ರೀಟಿನ ಒರಟುತನವನ್ನು ಸುಮಾರು 0.013 ಎಂದು ಹಿಡಿಯುತ್ತಾರೆ. ಶುಚಿಯಾದ ಮಣ್ಣಿನ ಕಾಲುವೆಗೆ 0.025ರ ಆಸುಪಾಸು. ಗಿಡಗಂಟಿ ಬೆಳೆದರೆ ಅದು 0.05ನ್ನೂ ದಾಟುತ್ತದೆ. ಒರಟುತನ ಇಮ್ಮಡಿಯಾದರೆ ಅದೇ ಕಾಲುವೆ, ಅದೇ ಮಟ್ಟದಲ್ಲಿ, ಅರ್ಧದಷ್ಟು ನೀರನ್ನು ಮಾತ್ರ ಸಾಗಿಸುತ್ತದೆ. ಅಂದರೆ ಹೂಳೆತ್ತದ, ಕಸ ತುಂಬಿದ ಚರಂಡಿಯ ಪಕ್ಕದಲ್ಲಿ ಮನೆ ಮುಳುಗುವುದು ವಿಧಿಯ ಆಟವಲ್ಲ, ಎರಡನೆಯ ವರ್ಷದ ವಿದ್ಯಾರ್ಥಿ ಮಾಡಬಲ್ಲ ಭಾಗಾಕಾರ.

ಈ ಲೆಕ್ಕವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಹೈದರಾಬಾದಿನ ಇತಿಹಾಸವೇ ಸಾಕ್ಷಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಆ ನಗರವನ್ನು ನುಂಗಿತು. ಸತ್ತವರು ಸುಮಾರು 15,000 ಎಂದು ಅಂದಾಜಿಸಲಾಗಿದೆ. ಒಂದು ಹುಣಿಸೆ ಮರವನ್ನೇರಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಆ ಮರವಿದ್ದ ಜಾಗ ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮರುವರ್ಷ ನಿಜಾಮರ ಸರಕಾರವು ಕರೆಸಿಕೊಂಡದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಅವರು ನದಿಯನ್ನಷ್ಟೇ ನೋಡಲಿಲ್ಲ, ಮಳೆ ಎಲ್ಲಿ ಸುರಿಯಿತು, ನೀರು ಯಾವ ಹಾದಿಯಲ್ಲಿ ಬಂತು ಎಂದು ಹುಡುಕಿದರು. ಜಲಾನಯನ ಪ್ರದೇಶದ ಇನ್ನೂರಕ್ಕೂ ಹೆಚ್ಚು ಕೆರೆಗಳ ಏರಿ ಒಡೆದಿತ್ತು. ನಗರದ ಮೇಲ್ಭಾಗದಲ್ಲೇ ನೀರನ್ನು ತಡೆದು ನಿಲ್ಲಿಸಬೇಕೆಂಬ ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು.

ಅದೇ ಹೈದರಾಬಾದ್ ಸಂಸ್ಥಾನದ ಇಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಬಹಾದೂರ್ ಅವರ ಹೆಸರನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ನಮ್ಮ ಬೀದರ್ ಜಿಲ್ಲೆಯಲ್ಲೂ ಹರಿಯುವ ಮಾಂಜ್ರಾ ನದಿಗೆ ನಿಜಾಂ ಸಾಗರ ಅಣೆಕಟ್ಟನ್ನು ಕಟ್ಟಿಸಿದವರು ಅವರು. ಸೆಪ್ಟೆಂಬರ್ 15ರ ವಿಶ್ವೇಶ್ವರಯ್ಯನವರ ಜನ್ಮದಿನ ನಮಗೆ ಇಂಜಿನಿಯರುಗಳ ದಿನವಾದರೆ, ತೆಲಂಗಾಣದಲ್ಲಿ ಅಲಿ ನವಾಜ್ ಜಂಗ್ ಅವರ ಜನ್ಮದಿನ ಜುಲೈ 11ನ್ನೂ ಹಾಗೆಯೇ ಆಚರಿಸಲಾಗುತ್ತದೆ. ನದಿಯನ್ನು ಓದಬಲ್ಲ ಇಬ್ಬರನ್ನು ಎರಡು ನಾಡುಗಳು ನೆನೆಯುವ ಬಗೆಯಿದು.

ಆದರೆ ನೆನೆಯುವುದು ಬೇರೆ, ಕಲಿಯುವುದು ಬೇರೆ. 2020ರ ಅಕ್ಟೋಬರ್‌ನಲ್ಲಿ ಅದೇ ಹೈದರಾಬಾದಿನಲ್ಲಿ ಪಲ್ಲೆ ಚೆರುವು, ಗುರ್ರಂ ಚೆರುವು ಎಂಬ ಕೆರೆಗಳ ಏರಿ ಒಡೆದು ಹಳೆ ನಗರದ ದಕ್ಷಿಣದ ಬಡಾವಣೆಗಳು ಮುಳುಗಿದವು. ಅಲ್ಲಿ ಬದುಕು ಕಳೆದುಕೊಂಡವರಲ್ಲಿ ನಮ್ಮಂಥ ಕುಟುಂಬಗಳೇ ಬಹಳ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಕೋಟಿ ಬೆಲೆಯ ಬಂಗಲೆಗಳ ನಿವಾಸಿಗಳೂ ಟ್ರಾಕ್ಟರ್ ಏರಿ ಹೊರಬರಬೇಕಾಯಿತು. ಕೆರೆಯಿಂದ ಕೆರೆಗೆ ನೀರು ಸಾಗಿಸುತ್ತಿದ್ದ ರಾಜಕಾಲುವೆಗಳನ್ನು ಕಿರಿದಾಗಿಸಿದ್ದಕ್ಕೆ ನೀರು ಕೊಟ್ಟ ಉತ್ತರವದು. ನೀರಿಗೆ ಬಡವ-ಬಲ್ಲಿದ, ನಮ್ಮವ-ನಿಮ್ಮವ ಎಂಬ ಭೇದವಿಲ್ಲ. ಭೇದವಿರುವುದು ಮಳೆ ನಿಂತ ಬಳಿಕ. ಶ್ರೀಮಂತ ಹೋಟೆಲಿಗೆ ಹೋಗುತ್ತಾನೆ, ಬಡವ ಶಾಲೆಯ ಜಗಲಿಗೆ. ಒತ್ತುವರಿ ತೆರವಿಗೆ ಹೊರಡುವ ಬುಲ್ಡೋಜರೂ ಮೊದಲು ನಿಲ್ಲುವುದು ಬಡವನ ಮನೆಯ ಮುಂದೆಯೇ.

ಹಾಗೆಂದು ಪುರಸಭೆಯನ್ನೂ ಸರಕಾರವನ್ನೂ ದೂರಿ ನಾವು ಕೈತೊಳೆದುಕೊಳ್ಳಬಹುದೇ? ನಮ್ಮ ಪಟ್ಟಣಗಳಲ್ಲಿ ಚರಂಡಿಯ ಮೇಲೆ ಚಪ್ಪಡಿ ಹಾಕಿ ಅಂಗಡಿಯನ್ನು ಮುಂದಕ್ಕೆ ಚಾಚಿದವರು ಯಾರು? ಕೆರೆಯ ಕೋಡಿ ಹರಿಯುವ ತಗ್ಗಿನಲ್ಲಿ ಅಗ್ಗದ ಸೈಟು ಮಾರಿದವರಲ್ಲಿ, ನಾಯಕರೆನಿಸಿಕೊಂಡ ನಮ್ಮವರೂ ಇಲ್ಲವೇ? ಕೊಂಡವನು ಬೇಸಿಗೆಯಲ್ಲಿ ನೋಡಿದ, ನೆಲ ಒಣಗಿತ್ತು. ಬಡತನ ಅವನನ್ನು ಅಲ್ಲಿಗೆ ತಳ್ಳಿತು ಎಂಬುದು ನಿಜ. ಆದರೆ ಅದೇ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಗಳು, ‘ಅಬ್ಬಾ, ಇದು ನೀರಿನ ದಾರಿ, ಇಲ್ಲಿ ಮನೆ ಬೇಡ’ ಎಂದರೆ ನಾವು ಕಿವಿಗೊಡುತ್ತೇವೆಯೇ? ‘ನೀನು ಪುಸ್ತಕ ಓದು, ವ್ಯವಹಾರ ನಾವು ನೋಡಿಕೊಳ್ಳುತ್ತೇವೆ’ ಎನ್ನುತ್ತೇವೆ. ಲಕ್ಷಗಟ್ಟಲೆ ಶುಲ್ಕ ತೆತ್ತು ಕಲಿಸಿದ ವಿದ್ಯೆಯನ್ನು ಮನೆ ಬಾಗಿಲಲ್ಲೇ ತಡೆಯುವುದಕ್ಕೆ ಏನೆನ್ನಬೇಕು?

ವಿದ್ಯಾರ್ಥಿಗಳಿಗೂ ನಮ್ಮದೊಂದು ಮಾತಿದೆ. ಸೂತ್ರವನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಮರೆಯಬೇಡಿ. ಸಾಧ್ಯವಾದರೆ ಕೃಷ್ಣರಾಜಸಾಗರದ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರಕ್ಕೆ ಹೋಗಿ, ಅಣೆಕಟ್ಟಿನ ಮಾದರಿಗಳ ಮೇಲೆ ನೀರು ಹರಿಸಿ ಪರೀಕ್ಷಿಸುವುದನ್ನು ನೋಡಿ ಬನ್ನಿ. ಅದೂ ಆಗದಿದ್ದರೆ ನಿಮ್ಮ ಓಣಿಯ ಕಾಲುವೆಯೇ ಸಾಕು. ಹತ್ತು ಮೀಟರ್ ಗುರುತು ಹಾಕಿ ಒಂದು ಬಿರಡೆಯನ್ನು ತೇಲಿಬಿಡಿ, ಗಡಿಯಾರ ನೋಡಿ. ಆ ವೇಗದ ಶೇಕಡಾ 85ರಷ್ಟನ್ನು ಕಾಲುವೆಯ ಸರಾಸರಿ ವೇಗವೆಂದು ಹಿಡಿದು ಅಗಲ, ಆಳಗಳಿಂದ ಗುಣಿಸಿ. ನಿಮ್ಮ ಕಾಲುವೆ ಎಷ್ಟು ನೀರು ಸಾಗಿಸುತ್ತಿದೆ ಎಂಬ ಅಂದಾಜು ಕೈಗೆ ಬರುತ್ತದೆ. ಮಳೆಗಾಲಕ್ಕೆ ಮುನ್ನ ಹೂಳೆತ್ತಿಸಲು ವಾರ್ಡಿನ ಸದಸ್ಯರ ಬಳಿಗೆ ಆ ಲೆಕ್ಕವನ್ನು ಹಿಡಿದು ಹೋಗಿ. ಬರಿಗೈಯ ದೂರಿಗಿಂತ ಅಂಕಿಗಳಿರುವ ಅರ್ಜಿಗೆ ತೂಕ ಹೆಚ್ಚು.

ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ಮೋರಿಯ ಅಗಲ ನಮ್ಮ ಕೈಯಲ್ಲಿದೆ. ಮುಂದಿನ ಮಳೆಗಾಲಕ್ಕೆ ಮೊದಲು, ಸಿವಿಲ್ ಓದುವ ಮಕ್ಕಳಿರುವ ಪ್ರತಿಯೊಂದು ಮನೆಯಲ್ಲೂ ಹಿರಿಯರು ಅಂಕಗಳ ಪ್ರಶ್ನೆಯನ್ನು ಒಂದು ದಿನ ಬದಿಗಿಟ್ಟು, ‘ನಮ್ಮ ಓಣಿಯ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಲಿ. ಉತ್ತರ ಬಂದಾಗ, ಅದು ನಮ್ಮದೇ ಗೋಡೆಯನ್ನು ಹಿಂದಕ್ಕೆ ಸರಿಸಬೇಕೆಂದು ಹೇಳಿದರೂ, ಕೇಳುವ ಮನಸ್ಸು ನಮಗಿರಲಿ.